ಬಚ್ಚಲೊಲೆಯ ಲೆಕ್ಕ

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋದಾಗಲೆಲ್ಲ ‘ಪರ್ಯಾಯ ಶಕ್ತಿ ಮೂಲಗಳು’ ಎಂಬ ಫಲಕದ ಕೆಳಗೆ ಒಂದೇ ಬಗೆಯ ಮಾದರಿಗಳು ಸಾಲಾಗಿ ಕುಳಿತಿರುವುದನ್ನು ನೋಡುತ್ತೇನೆ. ಥರ್ಮೋಕೋಲಿನ ಗುಡ್ಡ, ಅದರ ಮೇಲೊಂದು ಗಾಳಿಯಂತ್ರ, ಪಕ್ಕದಲ್ಲಿ ಅಂಗೈಯಗಲದ ಸೌರಫಲಕ, ಅದಕ್ಕೆ ಜೋಡಿಸಿದ ಪುಟ್ಟ ಎಲ್‌ಇಡಿ ದೀಪ. ಮಕ್ಕಳು ರಾತ್ರಿಯೆಲ್ಲ ಕೂತು ಅಂಟಿಸಿರುತ್ತಾರೆ, ವಿವರಣೆಯನ್ನು ಒಪ್ಪಿಸಲು ಸಿದ್ಧರಾಗಿ ನಿಂತಿರುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಹತ್ತಿರ ಹೋಗಿ ನಿಂತರೆ ಅವರ ಸಮವಸ್ತ್ರದಿಂದ ಸಣ್ಣಗೆ ಹೊಗೆಯ ವಾಸನೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಬಚ್ಚಲೊಲೆಯ ಬಿಸಿಗೆ. ಒದ್ದೆ ಸೌದೆ ಉರಿದ ದಿನ ಆ ವಾಸನೆ ನೂಲಿನೊಳಗೇ ಕೂತುಬಿಡುತ್ತದೆ. ಮಗುವಿನ ಮನೆಯಲ್ಲಿ ಅತಿ ಹೆಚ್ಚು ಶಕ್ತಿ ಖರ್ಚಾಗುವ ಜಾಗದ ಗುರುತು ಅದರ ಅಂಗಿಯ ಮೇಲೆಯೇ ಇರುವಾಗ, ಅದು ಮೇಜಿನ ಮೇಲಿಟ್ಟು ತೋರಿಸುವ ಶಕ್ತಿಯ ಲೋಕದಲ್ಲಿ ಆ ಜಾಗಕ್ಕೆ ಎಡೆಯೇ ಇಲ್ಲವಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ನಾನು ಪಾಠ ಮಾಡುವುದು ಸಾಗರ ಮತ್ತು ಹೊಸನಗರದ ನಡುವಿನ ಒಂದು ಸಣ್ಣ ಪ್ರೌಢಶಾಲೆಯಲ್ಲಿ. ಕಳೆದ ಮಳೆಗಾಲದ ಆರಂಭದಲ್ಲಿ ಒಂಬತ್ತನೆಯ ತರಗತಿಗೆ ಮಾದರಿ ಮಾಡುವ ಕೆಲಸ ಕೊಡಲಿಲ್ಲ. ನಿಮ್ಮ ಮನೆಗೆ ಒಂದು ದಿನಕ್ಕೆ ಎಷ್ಟು ಶಕ್ತಿ ಬೇಕು, ಅದು ಎಲ್ಲಿಂದ ಬರುತ್ತದೆ, ಬಂದದ್ದು ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ಅಳೆದು ಬರೆದುಕೊಂಡು ಬನ್ನಿ ಎಂದೆ. ಜೂಲ್ ಎಂಬ ಮಾನ ಮಕ್ಕಳಿಗೆ ಪರೀಕ್ಷೆಯ ಹೊರಗೆ ಎಲ್ಲಿಯೂ ಎದುರಾಗುವುದಿಲ್ಲವಾದ್ದರಿಂದ, ಎಲ್ಲವನ್ನೂ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್‌ಗೆ ಪರಿವರ್ತಿಸುವುದೆಂದು ತೀರ್ಮಾನವಾಯಿತು. ಚೆನ್ನಾಗಿ ಒಣಗಿದ ಒಂದು ಕೆಜಿ ಸೌದೆಯಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖವಿದೆ. ಒಂದು ಕೆಜಿ ಅಡುಗೆ ಅನಿಲದಲ್ಲಿ ಹತ್ತಿರ ಹತ್ತಿರ 13 ಯೂನಿಟ್. ಈ ಎರಡು ಅಂಕಿಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಅಳಿಸಬಾರದೆಂದು ಸುತ್ತಲೂ ಗೆರೆ ಎಳೆದಿಟ್ಟೆವು.

ತೂಕದ ಪುಸ್ತಕ

ಹೆಚ್ಚಿನವರು ದೀಪ, ಫ್ಯಾನು, ಟಿವಿ, ಮಿಕ್ಸಿಗಳ ಪಟ್ಟಿ ತಂದರು. ಒಬ್ಬ ಹುಡುಗಿ ಮಾತ್ರ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಸೌದೆಯ ತೂಕವನ್ನು ಬರೆದುಕೊಂಡು ಬಂದಿದ್ದಳು. ಅಡಿಕೆ ತೂಗುವ ತಕ್ಕಡಿಯನ್ನೇ ಬಚ್ಚಲ ಬಾಗಿಲಿಗೆ ತಂದಿಟ್ಟುಕೊಂಡು, ಒಲೆಗೆ ಹಾಕುವ ಮೊದಲು ಪ್ರತಿ ಹೊರೆಯನ್ನೂ ತೂಗಿದ್ದಳು. ಮೊದಮೊದಲು ಮನೆಯವರು ಗದರಿಸಿದರಂತೆ. ಆಮೇಲೆ ಅವಳ ತಮ್ಮನೇ ತೂಗಿ ಅಂಕಿ ಕೂಗಿ ಹೇಳಲು ಶುರುಮಾಡಿದನಂತೆ. ಮನೆಯಲ್ಲಿ ಆರು ಜನ. ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಸ್ನಾನಕ್ಕೂ ಸೇರಿ 150 ಲೀಟರ್‌ನಷ್ಟು ಬಿಸಿನೀರು. ಅದಕ್ಕೆ ದಿನವೊಂದಕ್ಕೆ ಸರಾಸರಿ 12 ಕೆಜಿ ಸೌದೆ.

ಅವಳು ಹಲಗೆಯ ಮೇಲೆ ಲೆಕ್ಕ ಬಿಡಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕರೆಂಟು ತಿಂಗಳಿಗೆ 75 ಯೂನಿಟ್, ಅಂದರೆ ದಿನಕ್ಕೆ ಎರಡೂವರೆ. ಅನಿಲದ ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ, ಅಂದರೆ ದಿನಕ್ಕೆ ಸುಮಾರು 4 ಯೂನಿಟ್. ಬಚ್ಚಲೊಲೆಗೆ 48 ಯೂನಿಟ್. ತರಗತಿ ಒಮ್ಮೆಲೇ ನಿಶ್ಶಬ್ದವಾಯಿತು, ಮರುಗಳಿಗೆ ಎಲ್ಲರೂ ಒಟ್ಟಿಗೇ ಮಾತನಾಡತೊಡಗಿದರು. ಲೆಕ್ಕ ತಪ್ಪಿದೆ ಎಂದು ಹಿಂದಿನ ಬೆಂಚಿನವರು ವಾದಿಸಿದರು. ಇನ್ನೊಮ್ಮೆ ಗುಣಿಸಿ ನೋಡಿದೆವು, ತಪ್ಪಿರಲಿಲ್ಲ. ಆಗ ಅವಳು ಮುಂದಿನ ಪುಟ ತೆರೆದಳು. 150 ಲೀಟರ್ ನೀರನ್ನು 22 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ವಿಶಿಷ್ಟೋಷ್ಣದ ಸೂತ್ರದ ಪ್ರಕಾರ ಬೇಕಾಗುವುದು ಸುಮಾರು 5 ಯೂನಿಟ್ ಮಾತ್ರ. “ಮೇಡಂ, ನಲವತ್ತೆಂಟರಲ್ಲಿ ಐದು ನೀರಿಗೆ ಹೋಯ್ತು. ಉಳಿದ ನಲವತ್ತಮೂರು ಎಲ್ಲಿಗೆ ಹೋಯ್ತು?” ಎಂದು ಕೇಳಿದಳು.

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ನಾನು ಕೇಳಿಲ್ಲ. ಹೋದದ್ದು ಹಲವು ದಾರಿಗಳಲ್ಲಿ. ಒಲೆಯ ಬಾಯಿ ಅಗಲವಾಗಿದ್ದುದರಿಂದ ಬೇಕಾದದ್ದಕ್ಕಿಂತ ಹೆಚ್ಚು ತಣ್ಣನೆಯ ಗಾಳಿ ಒಳನುಗ್ಗಿ ಬಿಸಿಯನ್ನು ಹೊತ್ತುಕೊಂಡು ಹೊರಹೋಗುತ್ತದೆ. ಹಂಡೆಯ ತಳಕ್ಕೂ ಉರಿಗೂ ನಡುವಿನ ಅಂತರ ಹೆಚ್ಚಾದರೆ ಜ್ವಾಲೆ ತಳವನ್ನು ಮುಟ್ಟದೆ ಬದಿಯಿಂದ ಹಾಯ್ದು ಹೋಗುತ್ತದೆ. ಪೂರ್ತಿ ಉರಿಯದ ಅನಿಲಗಳು ಹೊಗೆಯಾಗಿ ಕಣ್ಣು, ಗಂಟಲುಗಳನ್ನು ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಯಲ್ಲಿ ನೆನೆದ ಸೌದೆ ತನ್ನ ಶಾಖದಲ್ಲಿ ದೊಡ್ಡ ಪಾಲನ್ನು ತನ್ನೊಳಗಿನ ನೀರನ್ನು ಆವಿಯಾಗಿಸುವುದಕ್ಕೇ ಕಳೆದುಕೊಳ್ಳುತ್ತದೆ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಮತ್ತು ಅಂಥ ಒಂದು ಕೆಜಿಯಿಂದ ಸಿಗುವುದು ಒಣಸೌದೆಯ ಅರ್ಧದಷ್ಟು ಶಾಖ. ಬೇಸಿಗೆಯಲ್ಲೇ ಸೌದೆ ಒಡೆದು, ಒಟ್ಟಿ, ಮೇಲೆ ಸೋಗೆ ಹೊದಿಸಿಡುತ್ತಿದ್ದ ಹಿರಿಯರ ಕೆಲಸ ಶಕ್ತಿಯ ಉಳಿತಾಯವೇ ಆಗಿತ್ತೆಂಬುದನ್ನು ಮಕ್ಕಳಿಗೆ ವಿವರಿಸಬೇಕಾಗಲಿಲ್ಲ. ಒಂದು ತುಂಡನ್ನು ತೂಗಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಕೆಲವು ವಾರಗಳ ನಂತರ ಮತ್ತೆ ತೂಗಿ ತಾವೇ ಕಂಡುಕೊಂಡರು.

ಈ ಫಲಿತಾಂಶ ಹೊಸದೇನಲ್ಲ ಎಂಬುದನ್ನೂ ಅವರಿಗೆ ತಿಳಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಘಟಕದವರು ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಇದೇ ಬಗೆಯ ಅಳತೆ ಮಾಡಿದ್ದರು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯೆಂದೂ, ಅದು ಹೋಗುವುದು ಮುಖ್ಯವಾಗಿ ಅಡುಗೆಗೆ ಮತ್ತು ನೀರು ಕಾಯಿಸುವುದಕ್ಕೆಂದೂ ಅವರಿಗೆ ಕಂಡಿತ್ತು. ನಮ್ಮಲ್ಲಿ ಹಲವರ ಮನೆಗಳಲ್ಲಿ ಒಂದು ಕಾಲಕ್ಕೆ ಇದ್ದ, ಕಡಿಮೆ ಸೌದೆ ಬೇಡುವ ‘ಅಸ್ತ್ರ ಒಲೆ’ ಹುಟ್ಟಿದ್ದು ಆ ಕೆಲಸದ ಮುಂದುವರಿಕೆಯಾಗಿ. ಇಷ್ಟು ದೊಡ್ಡ ವಿಜ್ಞಾನಿಗಳು ಒಲೆಯ ಮುಂದೆ ಕೂತು ಸೌದೆ ತೂಗಿದ್ದರು ಎಂದಾಗ ಆ ಹುಡುಗಿಯ ಮುಖದಲ್ಲಿ ಮೂಡಿದ ಸಂತೋಷವನ್ನು ನೋಡಿ, ನಾವು ಮಕ್ಕಳಿಗೆ ವಿಜ್ಞಾನದ ಇತಿಹಾಸ ಹೇಳುವಾಗ ಇಂಥ ಕೆಲಸವನ್ನು ಏಕೆ ಬಿಟ್ಟುಬಿಡುತ್ತೇವೆ ಎಂದು ನನಗೆ ನಿಜಕ್ಕೂ ದುಃಖವಾಯಿತು.

ಅಜ್ಜಿಯ ಆಕ್ಷೇಪ

ಈ ಲೆಕ್ಕವನ್ನು ಒಪ್ಪದವರು ಒಬ್ಬರಿದ್ದರು: ಆ ಹುಡುಗಿಯ ಅಜ್ಜಿ. ಶನಿವಾರದ ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೋಗಿದ್ದೆ. ಹೊರಗೆ ಸುರಿಯುತ್ತಿದ್ದ ಮಳೆಗೆ ಅಂಗಳದ ಮಾತು ಪಡಸಾಲೆಗೆ ಕೇಳಿಸುತ್ತಿರಲಿಲ್ಲ. ಅಜ್ಜಿ ನನ್ನನ್ನು ನೇರವಾಗಿ ಬಚ್ಚಲಿಗೆ ಕರೆದುಕೊಂಡು ಹೋಗಿ, “ಸುಮ್ನೆ ಹಾಳಾತು ಅಂತ ಬರ್ದಾಳಂತೆ ಮೊಮ್ಮಗಳು. ಇಲ್ಲಿ ನೋಡಿ ಮೇಡಂ” ಎಂದರು. ಗಳುವಿನ ಮೇಲೆ ಮನೆಮಂದಿಯ ಬಟ್ಟೆಗಳಿದ್ದವು. ಮೇಲಿನ ಅಟ್ಟದಲ್ಲಿ ಮುಂದಿನ ವಾರಕ್ಕೆ ಬೇಕಾದ ಸೌದೆ, ಬೀಜಕ್ಕೆಂದು ಕಟ್ಟಿಟ್ಟ ಸೌತೆ, ಒಂದಿಷ್ಟು ಕೊಬ್ಬರಿ. ಹೊಗೆ ಹಿಡಿದ ಬಿದಿರಿಗೆ ಹುಳು ಬೀಳುವುದಿಲ್ಲ. ಬೂದಿ ತೋಟಕ್ಕೂ ಆಯಿತು, ಪಾತ್ರೆ ಬೆಳಗುವುದಕ್ಕೂ ಆಯಿತು. ಸಂಜೆ ಗದ್ದೆಯಿಂದ ನೆನೆದು ಬಂದವರು ಮೈ ಕಾಯಿಸಿಕೊಳ್ಳುವುದು ಈ ಒಲೆಯ ಮುಂದೆಯೇ. ಹುಡುಗಿ ಅಲ್ಲಿಯೇ ನಿಂತು ಪುಸ್ತಕದಲ್ಲಿ ಹೊಸದೊಂದು ಅಂಕಣ ಎಳೆದು, ನೀರಿಗೆ ಹೋಗದ ಶಾಖ ಮಾಡುವ ಕೆಲಸಗಳನ್ನೆಲ್ಲ ಬರೆದುಕೊಂಡಳು. ಅವುಗಳ ಯೂನಿಟ್ ಎಷ್ಟೆಂದು ಅಳೆಯುವ ವಿಧಾನ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಆದರೆ ಆ ಅಂಕಣವಿಲ್ಲದಿದ್ದರೆ ಲೆಕ್ಕ ಅಪೂರ್ಣವಾಗುತ್ತಿತ್ತೆಂದು ನನಗೆ ಅನಿಸುತ್ತದೆ. ಹಳೆಯ ವ್ಯವಸ್ಥೆಯೊಂದನ್ನು ಬದಲಿಸಲು ಹೊರಟವರು ಅದು ಮಾಡುತ್ತಿದ್ದ ಎಲ್ಲ ಕೆಲಸಗಳನ್ನೂ ಗಮನಿಸದೆ ಹೋದರೆ, ಹೊಸ ಸಾಧನ ಕೆಲವೇ ತಿಂಗಳಲ್ಲಿ ಕೊಟ್ಟಿಗೆಯ ಮೂಲೆ ಸೇರುತ್ತದೆ. ಅಡುಗೆಮನೆಗೆ ಅನಿಲ ಬಂದು ಎಷ್ಟೋ ವರ್ಷಗಳಾದರೂ ಬಚ್ಚಲೊಲೆ ಹಾಗೆಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಅದೇ ಅಜ್ಜಿ ಮಾತಿನ ನಡುವೆ ತಮ್ಮ ಹುಟ್ಟೂರಿನ ಸುದ್ದಿ ತೆಗೆದರು. ಅದು ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿಯಲ್ಲಿದೆ. ಮುಳುಗಡೆಯಾದಾಗ ಅವರು ಇನ್ನೂ ಹುಡುಗಿ. “ಊರು ನೀರಡಿಗೆ ಹೋತು ಮಗಾ. ಆ ನೀರಾಗೆ ಹುಟ್ಟಿದ ಕರೆಂಟು ನಮ್ಮ ಮನೆಗೆ ಬರಕ್ಕೆ ಎಷ್ಟು ವರ್ಷ ಬೇಕಾತು ಕೇಳು ನಿನ್ನಪ್ಪನ್ನ” ಎಂದು ಮೊಮ್ಮಗಳಿಗೆ ಹೇಳಿದರು. ಅವಳು ಅದನ್ನೂ ಬರೆದುಕೊಂಡಳು, ‘ಎಲ್ಲಿಂದ ಬರುತ್ತದೆ’ ಎಂಬ ಅಂಕಣದಲ್ಲಿ.

ಯಾವ ತಿಂಗಳಿಗೆ ಯಾವ ಶಕ್ತಿ

ಸೌದೆಗೆ ಪರ್ಯಾಯವೇನು ಎಂಬ ಚರ್ಚೆ ಬಂದಾಗ ಮಕ್ಕಳು ಮೊದಲು ಹೇಳಿದ್ದು ಸೋಲಾರ್. ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸಾಧನ ಶಿವಮೊಗ್ಗ ಪೇಟೆಯ ತಾರಸಿಗಳ ಮೇಲೆ ಎಲ್ಲರೂ ಕಂಡದ್ದೇ. ಆದರೆ ನಮ್ಮಲ್ಲಿ ಬಿಸಿನೀರು ಹೆಚ್ಚು ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸೂರ್ಯ ಕಾಣದ ದಿನಗಳಲ್ಲಿ. ತಾರಸಿಯ ಮೇಲಿನ ಸೌರವಿದ್ಯುತ್ತಿಗೂ ಒಂದು ತೊಡಕಿದೆ. ಬ್ಯಾಟರಿಯಿಲ್ಲದೆ ನೇರವಾಗಿ ವಿದ್ಯುತ್ ಜಾಲಕ್ಕೆ ಜೋಡಿಸಿದ ಫಲಕಗಳು ಲೈನಿನಲ್ಲಿ ಕರೆಂಟು ಹೋದೊಡನೆ ತಾವೂ ನಿಲ್ಲುತ್ತವೆ, ತಂತಿ ರಿಪೇರಿ ಮಾಡುವ ಲೈನ್‌ಮನ್‌ಗೆ ಅಪಾಯವಾಗಬಾರದೆಂಬ ಕಾರಣಕ್ಕೆ. ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿಗೆ ಇದು ಸಣ್ಣ ವಿಷಯವಲ್ಲ, ಫಲಕ ಹಾಕಿಸುವವರಿಗೆ ಮೊದಲೇ ತಿಳಿದಿರಬೇಕಾದ ವಿಷಯ.

ಗೋಬರ್ ಗ್ಯಾಸ್ ಬಗ್ಗೆ ನನಗೆ ಹೆಚ್ಚು ಭರವಸೆಯಿತ್ತು. ಒಬ್ಬ ಹುಡುಗನ ಮನೆಯಲ್ಲಿ ಕಬ್ಬಿಣದ ತೇಲುವ ಡ್ರಮ್ಮಿನ ಹಳೆಯ ಘಟಕ ಇನ್ನೂ ನಡೆಯುತ್ತಿದೆ. ಅನಿಲ ತುಂಬಿದಾಗ ಡ್ರಮ್ಮು ಮೇಲೇಳುತ್ತದೆ, ಬಳಸಿದಂತೆ ಕೆಳಗಿಳಿಯುತ್ತದೆ. ಹುಡುಗ ಅದರ ಬದಿಗೆ ಸುಣ್ಣದಲ್ಲಿ ಗೆರೆ ಎಳೆದು ಎತ್ತರ ಗುರುತು ಮಾಡಿದ. ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ 35 ಡಿಗ್ರಿಯ ಆಸುಪಾಸಿನ ಬೆಚ್ಚಗಿನ ವಾತಾವರಣ ಹಿತ; ಜಡಿಮಳೆಯಲ್ಲಿ ಗುಂಡಿ ತಣ್ಣಗಾದಾಗ ಅವುಗಳ ಕೆಲಸ ನಿಧಾನವಾಗುತ್ತದೆ. ಬೇಸಿಗೆಗೂ ಮಳೆಗಾಲಕ್ಕೂ ಸುಣ್ಣದ ಗೆರೆಗಳ ನಡುವೆ ಎದ್ದು ಕಾಣುವ ವ್ಯತ್ಯಾಸವಿತ್ತು. ಇದರ ಜೊತೆಗೆ ದನಗಳ ಸಂಖ್ಯೆಯ ಪ್ರಶ್ನೆಯೂ ಇದೆ. ಒಂದು ಕೆಜಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಸಿಗುತ್ತದೆ. 2 ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕೆಜಿ ಸಗಣಿ ಬೇಕು. ಕೊಟ್ಟಿಗೆ ತುಂಬ ದನವಿದ್ದ ಕಾಲದಲ್ಲಿ ಇದು ಕಷ್ಟವಿರಲಿಲ್ಲ. ಈಗ ಒಂದೋ ಎರಡೋ ಹಸುಗಳಿರುವ ಮನೆ, ಅದೂ ಹಗಲೆಲ್ಲ ಗುಡ್ಡದಲ್ಲಿ ಮೇಯುವ ಮಲೆನಾಡು ಗಿಡ್ಡವಾದರೆ, ಗುಂಡಿ ತುಂಬುವುದು ಹೇಗೆ? ಕೂಲಿಯಾಳು ಸಿಗದೆ ದನ ಮಾರಿದ ಮನೆಗಳಲ್ಲಿ ಅನಿಲ ಘಟಕ ನಿಂತುಹೋದದ್ದಕ್ಕೆ ವಿಜ್ಞಾನ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ.

ನಮ್ಮ ತರಗತಿಗೆ ದಾರಿ ತೋರಿಸಿದ್ದು ಘಟ್ಟದ ಇಳಿಜಾರಿನಲ್ಲಿರುವ ಒಂದು ಒಂಟಿಮನೆ. ಅಲ್ಲಿ ಗುಡ್ಡದ ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರಿಳಿಸಿ ಸಣ್ಣ ಟರ್ಬೈನ್ ತಿರುಗಿಸುತ್ತಾರೆ. ಮಕ್ಕಳು ಬಕೆಟ್ ಹಿಡಿದು ನೀರಿನ ಹರಿವು ಅಳೆದರು: ಸೆಕೆಂಡಿಗೆ ಸುಮಾರು 10 ಲೀಟರ್. ಎತ್ತರ 20 ಮೀಟರ್. ಇವೆರಡನ್ನೂ ಗುರುತ್ವದ ಅಂಕಿ 9.8ರಿಂದ ಗುಣಿಸಿದರೆ 1960 ವಾಟ್; ಪೈಪಿನ ಘರ್ಷಣೆ, ಯಂತ್ರದ ನಷ್ಟಗಳಲ್ಲಿ ಅರ್ಧ ಹೋಯಿತೆಂದರೂ ಒಂದು ಕಿಲೋವಾಟ್ ಉಳಿಯುತ್ತದೆ. ಅದು ಹಗಲೂ ರಾತ್ರಿ ಬರುತ್ತದೆ, ಅಂದರೆ ದಿನಕ್ಕೆ 24 ಯೂನಿಟ್. ಮನೆಯ ದೀಪಗಳಿಗೆ ಅಷ್ಟು ಬೇಡ. ಆದರೆ ದೀಪ ಆರಿಸಿದಾಗ ಹೊರೆ ಇಳಿದು ಟರ್ಬೈನ್ ಮಿತಿಮೀರಿದ ವೇಗದಲ್ಲಿ ತಿರುಗಬಾರದೆಂದು, ಉಳಿದ ಕರೆಂಟನ್ನು ನಿಯಂತ್ರಕವೊಂದು ಬೇರೆಡೆಗೆ ತಿರುಗಿಸಬೇಕಾಗುತ್ತದೆ. ಆ ಮನೆಯಲ್ಲಿ ಅದು ಹೋಗುವುದು ನೀರು ಕಾಯಿಸುವ ಕಾಯಿಲ್‌ಗೆ. ಹುಡುಗಿ ಬಿಸಿನೀರಿಗೆ ಕೈಯದ್ದಿ ನೋಡಿ, ತಕ್ಷಣ ತನ್ನ 5 ಯೂನಿಟ್‌ನ ಲೆಕ್ಕ ನೆನಪಿಸಿಕೊಂಡಳು. ಮಳೆ ಸುರಿಯುವ ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ, ಬಿಸಿನೀರು ಬೇಕಾಗುವುದೂ ಆಗಲೇ. ಜನವರಿಯ ಹೊತ್ತಿಗೆ ಹಳ್ಳ ಸೊರಗಿದಾಗ ಬಿಸಿಲು ಬಂದಿರುತ್ತದೆ.

ಅಂದಿನಿಂದ ಮಕ್ಕಳು ಶಕ್ತಿಮೂಲಗಳನ್ನು ತಿಂಗಳುಗಳ ಎದುರು ಬರೆಯಲು ಶುರುಮಾಡಿದರು. ಹನ್ನೆರಡು ಕಂಬಗಳ ಆ ಪಟ್ಟಿ ಈಗ ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿದೆ. ಎಲ್ಲ ಮನೆಗೂ ಗುಡ್ಡದ ಹಳ್ಳ ಸಿಗುವುದಿಲ್ಲ ಎಂಬುದು ನಿಜ, ಮೇಲಿನವರು ನೀರು ತಿರುಗಿಸಿಕೊಂಡರೆ ಕೆಳಗಿನ ತೋಟಕ್ಕೆ ಏನಾಗುತ್ತದೆ ಎಂಬ ಜಗಳವೂ ನಿಜ. ಆದರೂ ಯಾವ ಶಕ್ತಿ ಉತ್ತಮ ಎಂಬ ಪ್ರಬಂಧ ಸ್ಪರ್ಧೆಯ ಪ್ರಶ್ನೆಗಿಂತ, ನಮ್ಮ ಊರಿನಲ್ಲಿ ಯಾವ ತಿಂಗಳಲ್ಲಿ ಯಾವುದು ಲಭ್ಯ, ಯಾವ ಕೆಲಸಕ್ಕೆ ಬೇಕು ಎಂಬ ಪ್ರಶ್ನೆ ಮಕ್ಕಳನ್ನು ಬಹಳ ದೂರ ಕರೆದೊಯ್ಯಿತು.

ಸಾವಿರ ಲೀಟರಿಗೆ ಒಂದು ಯೂನಿಟ್

ಹಳ್ಳದ ನೀರಿಗೆ ಬಳಸಿದ ಸೂತ್ರವನ್ನೇ ಶರಾವತಿಗೂ ಹಚ್ಚಿ ನೋಡೋಣ ಎಂದವನು ಗೋಬರ್ ಗ್ಯಾಸಿನ ಹುಡುಗ. ಜೋಗದಲ್ಲಿ ವಿದ್ಯುತ್ ಉತ್ಪಾದನೆ 1948ರಲ್ಲಿ ಆರಂಭವಾಯಿತು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಸಾಮರ್ಥ್ಯ 151 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಬಂದ ನೀರು 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಧುಮುಕುವ ಎತ್ತರವನ್ನು ಸುಮಾರು 440 ಮೀಟರ್ ಎಂದು ಹಿಡಿದೆವು. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ನಷ್ಟವನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ ಸಾವಿರ ಲೀಟರ್ ನೀರು, ಅಂದರೆ ಶಾಲೆಯ ಮೇಲಿರುವ ಒಂದು ಕಪ್ಪು ಸಿಂಟೆಕ್ಸ್ ಟ್ಯಾಂಕಿನಷ್ಟು. ಹೊಗೆಯ ಕಾಟ ತಪ್ಪಲೆಂದು ಆ ಹುಡುಗಿಯ ಮನೆಯವರು ಗೀಸರ್ ಹಾಕಿಸಿದರೆ ದಿನಕ್ಕೆ ಐದು ಟ್ಯಾಂಕ್. ಅಜ್ಜಿಯ ಊರು ಯಾವುದಕ್ಕಾಗಿ ಮುಳುಗಿತು ಎಂಬುದು ಮಕ್ಕಳಿಗೆ ಆ ದಿನ ಅಂಕಿಯಾಗಿ ತಿಳಿಯಿತು.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯವೂ ತರಗತಿಗೆ ಬಂದೇ ಬಂತು, ಏಕೆಂದರೆ ಮನೆಗಳಲ್ಲಿ ಅದರದೇ ಮಾತು. ಗೇರುಸೊಪ್ಪೆಯ ಜಲಾಶಯದಿಂದ ನೀರನ್ನು ತಳಕಳಲೆಗೆ ಮೇಲೆತ್ತಿ, ಬೇಕಾದ ಹೊತ್ತಿನಲ್ಲಿ ಮತ್ತೆ ಕೆಳಗೆ ಬಿಟ್ಟು 2000 ಮೆಗಾವಾಟ್ ಪಡೆಯುವ ಯೋಜನೆ ಅದು. ಎತ್ತಲು ಬೇಕಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ಹಾಗಾಗಿ ಅದು ಶಕ್ತಿಯ ಮೂಲವಲ್ಲ, ಸಂಗ್ರಹ. ಮಧ್ಯಾಹ್ನ ಬಯಲುಸೀಮೆಯ ಸೌರ ಸ್ಥಾವರಗಳಲ್ಲಿ ಹೆಚ್ಚಾದದ್ದನ್ನು ಸಂಜೆಗೆ ಉಳಿಸಿಡುವ ಉಪಾಯ. ಸೌರಶಕ್ತಿಯನ್ನು ನೆಚ್ಚಿಕೊಳ್ಳುವ ನಾಡಿಗೆ ಅಂಥ ಸಂಗ್ರಹ ಬೇಕೆಂಬುದನ್ನು ನಾನು ಮಕ್ಕಳಿಂದ ಮುಚ್ಚಿಡಲಿಲ್ಲ. ಆದರೆ ಅದಕ್ಕೆ ಆರಿಸಿದ ಜಾಗ ಸಿಂಗಳೀಕಗಳ ಅಭಯಾರಣ್ಯದ ಒಳಗಿನ ಕಣಿವೆ. ಒಂದು ಮರದ ಕೊಂಬೆಯಿಂದ ಇನ್ನೊಂದಕ್ಕೆ ಹಾರಿಯೇ ಬದುಕುವ ಆ ಪ್ರಾಣಿಗೆ ಕಾಡಿನ ನೆತ್ತಿ ತುಂಡಾದರೆ ದಾರಿಯೇ ತಪ್ಪುತ್ತದೆ. ಒಂದೇ ನದಿ, ಒಂದೇ ಕಣಿವೆ ಮತ್ತೆ ಮತ್ತೆ ಕೊಡುತ್ತಲೇ ಇರಬೇಕೆಂಬುದು ನನಗೆ ಒಪ್ಪಿತವಲ್ಲ, ಮತ್ತು ಮಕ್ಕಳು ಕೇಳಿದಾಗ ಅದನ್ನು ಹಾಗೆಯೇ ಹೇಳಿದ್ದೇನೆ. ಇಬ್ಬರು ಮಕ್ಕಳು ನನ್ನನ್ನು ಒಪ್ಪಲಿಲ್ಲ. ಊರಿಗೆ ಕೆಲಸ ಬರುತ್ತದೆ ಎಂಬುದು ಅವರ ವಾದ. ಅವರ ಮನೆಯಲ್ಲಿ ದುಡಿಯುವವರೆಲ್ಲ ಬೆಂಗಳೂರಿಗೆ ಹೋಗಿರುವಾಗ ಆ ವಾದವನ್ನು ತಳ್ಳಿಹಾಕುವಂತಿಲ್ಲ.

ಆ ಹುಡುಗಿಯ ಮನೆಯಲ್ಲಿ ಮಾತ್ರ ಬದಲಾವಣೆ ಸಣ್ಣದಾಗಿ ಆಯಿತು. ಗೀಸರ್ ಬರಲಿಲ್ಲ. ಅವಳ ಅಪ್ಪ ಗಾರೆಯವರನ್ನು ಕರೆಸಿ ಬಚ್ಚಲೊಲೆಯನ್ನು ಒಡೆಸಿ ಕಟ್ಟಿಸಿದರು. ಸೌದೆಯ ಕೆಳಗಿನಿಂದ ಗಾಳಿಯಾಡಲು ಕಬ್ಬಿಣದ ಜಾಲರಿ ಬಂತು, ಬಾಯಿ ಕಿರಿದಾಯಿತು, ಹಂಡೆಯ ಸುತ್ತ ಉರಿ ತಬ್ಬಿ ಹೋಗುವಷ್ಟೇ ಸಂದು ಉಳಿಯಿತು, ಹೊಗೆಗೆ ಮಾಡಿನ ಮೇಲಕ್ಕೆ ಕೊಳವೆ ಏರಿತು. ಅಜ್ಜಿಯ ಹಠದಿಂದ ಆ ಕೊಳವೆ ನೇರವಾಗಿ ಹೊರಹೋಗದೆ ಅಟ್ಟದ ಬದಿಯಿಂದ ಹಾದು ಹೋಗುತ್ತದೆ. ಬಟ್ಟೆಗಳೂ ಸೌದೆಯೂ ಅದರ ಬಿಸಿಗೆ ಒಣಗುತ್ತವೆ. ಒಣಗಿದ ಸೌದೆಯನ್ನೇ ಬಳಸಿ ಮತ್ತೆ ತೂಗಿದಾಗ ದಿನಕ್ಕೆ 12 ಕೆಜಿ ಇದ್ದದ್ದು 7ಕ್ಕೆ ಇಳಿದಿತ್ತು. ವಸ್ತುಪ್ರದರ್ಶನದಲ್ಲಿ ಇದಕ್ಕೆ ಬಹುಮಾನ ಬರಲಿಲ್ಲ, ನೋಡಲು ಚಲಿಸುವ ಮಾದರಿಯೊಂದು ಇರಲಿಲ್ಲವಲ್ಲ. ಅಳತೆಗೂ ಅಂಕವಿರಬೇಕೆಂದು ನಾನು ಕೇಳುತ್ತಲೇ ಇದ್ದೇನೆ.

ಅವಳು ಈಗ ಹತ್ತನೆಯ ತರಗತಿ. ದಿನಕ್ಕೆ 5 ಕೆಜಿ ಉಳಿದರೆ ಮಳೆಗಾಲದ ನಾಲ್ಕು ತಿಂಗಳಿಗೆ 600 ಕೆಜಿ ಎಂದು ಲೆಕ್ಕ ಮಾಡಿ, ಅದು ಅಮ್ಮ ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡಿನಿಂದ) ತರುವ ಎಷ್ಟು ಹೊರೆ ಎಂದು ಬರೆದಿಟ್ಟಿದ್ದಾಳೆ. ಈ ವರ್ಷ ಅವಳ ಕಣ್ಣು ಅಡಿಕೆ ಒಲೆಯ ಮೇಲಿದೆ. ಕೊಯ್ಲಿನ ಕಾಲದಲ್ಲಿ ಸುಲಿದ ಅಡಿಕೆಯನ್ನು ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿ ಉಳಿದ ರಸದಲ್ಲಿ) ಬೇಯಿಸುವುದಕ್ಕೆ ಸುಡುವ ಸೌದೆಯ ಮುಂದೆ ಬಚ್ಚಲಿನದು ಕಡಿಮೆಯೇ ಇರಬೇಕು ಎಂಬುದು ಅವಳ ಊಹೆ; ಬೇಯಿಸುವ ಹೊತ್ತಿಗೆ ಅಡಿಕೆ ಸಿಪ್ಪೆಯೇ ಎಷ್ಟು ಉರುವಲಾಗಬಲ್ಲದು ಎಂಬುದನ್ನೂ ನೋಡಬೇಕೆಂದಿದ್ದಾಳೆ. ಮೂರು ಮನೆಯವರು ತಕ್ಕಡಿಯ ಜೊತೆ ಒಳಗೆ ಬರಲು ಒಪ್ಪಿದ್ದಾರೆ. ಕುದಿಯುವ ಹಂಡೆಯ ಹತ್ತಿರ ಮಕ್ಕಳು ಹೋಗಬಾರದು, ತೂಗುವುದನ್ನು ದೊಡ್ಡವರೇ ಮಾಡಬೇಕು ಎಂಬ ಷರತ್ತಿನ ಮೇಲೆ ನಾನೂ ಒಪ್ಪಿದ್ದೇನೆ.